ಮಾಲೂರು, ಅಂಕಲೇಶ್ವರ, ಜಿನೋಮ್ ವ್ಯಾಲಿ: ಒಂದು ಲಸಿಕೆಯ 120 ದಿನಗಳ ಲೆಕ್ಕ

ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ನ ಒಂದು ಡೋಸ್ ಅಂದರೆ ಅರ್ಧ ಮಿಲಿಲೀಟರ್. ಅದರೊಳಗಿರುವ ನಿಷ್ಕ್ರಿಯ ವೈರಾಣುವಿನ ತೂಕ 6 ಮೈಕ್ರೋಗ್ರಾಂ. ಒಂದು ಕೋಟಿ ಡೋಸಿಗೆ ಬೇಕಾಗುವುದು 60 ಗ್ರಾಂ. ಇಡೀ ಲಸಿಕಾ ಅಭಿಯಾನದಲ್ಲಿ ದೇಶದ ಜನರಿಗೆ ಹಾಕಿದ ಕೋವ್ಯಾಕ್ಸಿನ್ ಸುಮಾರು 36 ಕೋಟಿ ಡೋಸ್. ಅಷ್ಟಕ್ಕೂ ಸೇರಿದ ವೈರಾಣುವಿನ ತೂಕ ಎರಡು ಕೆ.ಜಿ. ಚಿಲ್ಲರೆ.

ಇಷ್ಟು ಹಗುರ ಸರಕಿಗಾಗಿ 2021ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮುಂದೆ ಹಿರಿಯರು ಬಿಸಿಲಿನಲ್ಲಿ ನಿಂತರು. ಮೇ 14ರಿಂದ ರಾಜ್ಯ ಸರಕಾರ 18ರಿಂದ 44 ವಯಸ್ಸಿನವರ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಇದ್ದಷ್ಟನ್ನು ಎರಡನೇ ಡೋಸಿಗೆ ಕಾದಿದ್ದವರಿಗೆ ಕೊಡುವುದು ಅನಿವಾರ್ಯವಾಗಿತ್ತು. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕಾರ್ಖಾನೆಗಳನ್ನು ಹೆಚ್ಚಿಸಬಾರದೇ? ಹೆಚ್ಚಿಸಲಾಯಿತು. ಹೈದರಾಬಾದ್‌ನ ಕಂಪನಿಯೊಂದರ ಒಂದೇ ಲಸಿಕೆಗೆ ಮೂರು ರಾಜ್ಯಗಳ ಘಟಕಗಳನ್ನು ಜೋಡಿಸಲಾಯಿತು. ದುಡ್ಡು ಕೊಟ್ಟದ್ದು, ಸಾಮರ್ಥ್ಯ ಘೋಷಿಸಿದ್ದು, ಸರಬರಾಜು ಆದದ್ದು, ಕೊನೆಗೆ ಮಿಕ್ಕದ್ದು ಎಲ್ಲಕ್ಕೂ ಅಂಕಿಗಳಿವೆ. ಅವನ್ನು ದಿನಾಂಕದ ಪ್ರಕಾರ ಒಂದರ ಪಕ್ಕ ಒಂದಿಟ್ಟು ನೋಡಿದರೆ, ಕೊರತೆಯಿದ್ದದ್ದು ಕಾರ್ಖಾನೆಗಿಂತ ಹೆಚ್ಚಾಗಿ ಕ್ಯಾಲೆಂಡರಿನಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಜಾಲದ ನಕ್ಷೆ. ಹೈದರಾಬಾದ್‌ನ ಉತ್ತರಕ್ಕೆ ಶಾಮೀರ್‌ಪೇಟೆ ದಾಟಿದರೆ ತುರ್ಕಪಲ್ಲಿಯ ಜಿನೋಮ್ ವ್ಯಾಲಿ. 1996ರಲ್ಲಿ ಕೃಷ್ಣ ಎಲ್ಲಾ ಮತ್ತು ಸುಚಿತ್ರಾ ಎಲ್ಲಾ ದಂಪತಿ ಆರಂಭಿಸಿದ ಭಾರತ್ ಬಯೋಟೆಕ್‌ನ ಮೂಲ ಘಟಕ ಇಲ್ಲಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಬೇರ್ಪಡಿಸಿಕೊಟ್ಟ ವೈರಾಣುವಿನಿಂದ ಕೋವ್ಯಾಕ್ಸಿನ್ ರೂಪುಗೊಂಡದ್ದು ಇಲ್ಲೇ. ಲಸಿಕೆಯ ಪರಿಣಾಮ ಹೆಚ್ಚಿಸಲು ಬೆರೆಸುವ ಸಹಾಯಕ ದ್ರವ್ಯದ ಒಂದು ಮುಖ್ಯ ಅಣುವನ್ನು ತಯಾರಿಸುವ ವಿಧಾನವನ್ನು ಸಿದ್ಧಪಡಿಸಿಕೊಟ್ಟದ್ದೂ ಹೈದರಾಬಾದ್‌ನದ್ದೇ ಸಂಸ್ಥೆ, ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ.

ಎರಡನೆಯದು ನಮ್ಮ ಕೋಲಾರ ಜಿಲ್ಲೆಯ ಮಾಲೂರು, ಜಿನೋಮ್ ವ್ಯಾಲಿಯಿಂದ 600 ಕಿ.ಮೀ.ಗೂ ಹೆಚ್ಚು ದೂರ. ಸರಕಾರಿ ಪ್ರಕಟಣೆಗಳಲ್ಲಿ ‘ಬೆಂಗಳೂರು ಘಟಕ’ ಎಂದು ಕಾಣುವುದು ಇದೇ. ಮೂರನೆಯದು ಗುಜರಾತಿನ ಅಂಕಲೇಶ್ವರದ ಕೈರಾನ್ ಬೆಹ್ರಿಂಗ್. ಹುಚ್ಚುನಾಯಿ ಕಡಿತದ ಲಸಿಕೆ ಮಾಡುತ್ತಿದ್ದ ಈ ಕಾರ್ಖಾನೆಯನ್ನು ಭಾರತ್ ಬಯೋಟೆಕ್ 2019ರಲ್ಲಿ ಕೊಂಡಿತ್ತು. ನಾಲ್ಕನೆಯದು ಹೈದರಾಬಾದ್‌ನ ಹೊರವಲಯದ ಕರಕಪಟ್ಲದಲ್ಲಿರುವ ಇಂಡಿಯನ್ ಇಮ್ಯುನಲಾಜಿಕಲ್ಸ್. ಇದು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಅಂಗಸಂಸ್ಥೆ. ನಮ್ಮ ಹಳ್ಳಿಗಳ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಮಾಡಿದ ಅನುಭವ ಅದಕ್ಕಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಲಸಿಕೆಯ ಮೂಲದ್ರವ್ಯ ಮಾತ್ರ, ಉದ್ಯಮದವರು ‘ಬಲ್ಕ್’ ಎನ್ನುವುದು. ಅದನ್ನು ಸೀಸೆಗೆ ತುಂಬಿ ಮುಚ್ಚಲು ಭಾರತ್ ಬಯೋಟೆಕ್‌ಗೆ ಕಳಿಸಬೇಕಿತ್ತು.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಈ ಜಾಲವನ್ನು 2021ರ ಏಪ್ರಿಲ್ 16ರಂದು ಪ್ರಕಟಿಸಿತು. ಭಾರತ್ ಬಯೋಟೆಕ್‌ನ ಬೆಂಗಳೂರು ಘಟಕಕ್ಕೆ ಸುಮಾರು ₹65 ಕೋಟಿ, ಇಂಡಿಯನ್ ಇಮ್ಯುನಲಾಜಿಕಲ್ಸ್‌ಗೆ ₹60 ಕೋಟಿ, ಮುಂದೆ ಜಾಲಕ್ಕೆ ಸೇರಬೇಕಿದ್ದ ಲಸಿಕಾ ಸಂಸ್ಥೆಗಳಾದ ಮುಂಬೈನ ಹಾಫ್‌ಕಿನ್‌ಗೆ ₹65 ಕೋಟಿ, ಬುಲಂದ್‌ಶಹರದ ಬಿಬ್‌ಕಾಲ್‌ಗೆ ₹30 ಕೋಟಿ. ಒಟ್ಟು ₹220 ಕೋಟಿ. ಆಗ ಕೇಂದ್ರ ಕೊಡುತ್ತಿದ್ದ ಡೋಸಿಗೆ ₹150ರ ದರದಲ್ಲಿ ನೋಡಿದರೆ ಇದು ಒಂದೂವರೆ ಕೋಟಿ ಡೋಸಿನ ಬೆಲೆಗೂ ಕಡಿಮೆ. ದೇಶದ ಲಸಿಕಾ ಸಾಮರ್ಥ್ಯವನ್ನು ಹಲವು ಪಟ್ಟು ಹಿಗ್ಗಿಸುವ ಕೆಲಸಕ್ಕೆ ಇದು ತೀರ ಸಣ್ಣ ಮೊತ್ತ, ಅದೂ ಸೋಂಕಿನ ಎರಡನೇ ಅಲೆ ಏರುತ್ತಿದ್ದ ಹೊತ್ತಿನಲ್ಲಿ ಬಂದದ್ದು.

ಪ್ರಕಟಣೆ ಕೊಟ್ಟ ಗುರಿ ಮಾತ್ರ ದೊಡ್ಡದಿತ್ತು. ಏಪ್ರಿಲ್‌ನಲ್ಲಿ ತಿಂಗಳಿಗೆ 1 ಕೋಟಿ ಡೋಸ್, ಮೇ–ಜೂನ್‌ಗೆ ಅದರ ಎರಡರಷ್ಟು, ಜುಲೈ–ಆಗಸ್ಟ್‌ಗೆ 6ರಿಂದ 7 ಕೋಟಿ, ಸೆಪ್ಟೆಂಬರ್‌ಗೆ ಸುಮಾರು 10 ಕೋಟಿ. ನಾಲ್ಕು ದಿನ ಕಳೆದು ಭಾರತ್ ಬಯೋಟೆಕ್ ಹೈದರಾಬಾದ್ ಮತ್ತು ಬೆಂಗಳೂರು ಘಟಕಗಳ ಸಾಮರ್ಥ್ಯವನ್ನು ವರ್ಷಕ್ಕೆ 70 ಕೋಟಿ ಡೋಸಿಗೆ ಏರಿಸುವುದಾಗಿ ಹೇಳಿತು. ಮೇ 20ರಂದು ಅಂಕಲೇಶ್ವರದ ಇನ್ನೂ 20 ಕೋಟಿ ಅದಕ್ಕೆ ಸೇರಿತು. ಒಟ್ಟು 90 ಕೋಟಿ. ತಿಂಗಳಿಗೆ ಭಾಗಿಸಿದರೆ ಏಳೂವರೆ ಕೋಟಿ.

ಜುಲೈ 20ರಂದು ಆರೋಗ್ಯ ಸಚಿವ ಮನ್ಸುಖ್ ಮಾಂಡವಿಯ ರಾಜ್ಯಸಭೆಯಲ್ಲಿ ಹೇಳಿದ ಅಂಕಿ ಬೇರೆಯೇ ಇತ್ತು. ಕೋವ್ಯಾಕ್ಸಿನ್‌ನ ಮಾಸಿಕ ಸಾಮರ್ಥ್ಯ 2.5 ಕೋಟಿ, ಮುಂದೆ ಅದು ಸುಮಾರು 5.8 ಕೋಟಿಗೆ ಏರಲಿದೆ ಎಂದರು. ಜುಲೈ–ಆಗಸ್ಟ್‌ಗೆ 6–7 ಕೋಟಿ ಎಂದಿದ್ದದ್ದು ಮೂರೇ ತಿಂಗಳಲ್ಲಿ ಎರಡೂವರೆಗೆ ಇಳಿದಿತ್ತು.

ಈ ಇಳಿಕೆಗೆ ಯಾರದೋ ಸೋಮಾರಿತನವನ್ನು ಕಾರಣ ಮಾಡಿದರೆ ವಿಷಯ ತಪ್ಪಿಹೋಗುತ್ತದೆ. ಕಾರಣವನ್ನು ಭಾರತ್ ಬಯೋಟೆಕ್ ತಾನೇ ಮೇ 28ರ ಹೇಳಿಕೆಯಲ್ಲಿ ಬಿಡಿಸಿ ಹೇಳಿತ್ತು: ಒಂದು ಬ್ಯಾಚಿನ ತಯಾರಿಕೆ, ಪರೀಕ್ಷೆ ಮತ್ತು ಬಿಡುಗಡೆಗೆ ಹಿಡಿಯುವ ಕಾಲ ಸುಮಾರು 120 ದಿನ. ಮಾರ್ಚ್‌ನಲ್ಲಿ ಶುರುವಾದ ಬ್ಯಾಚು ಸರಬರಾಜಿಗೆ ಸಿಗುವುದು ಜೂನ್‌ನಲ್ಲಿ. ಮಾಲೂರಿನ ಸುತ್ತ ರಾಗಿ ಬಿತ್ತಿ ಕೊಯ್ಯುವುದಕ್ಕೂ ಹೆಚ್ಚುಕಡಿಮೆ ಇಷ್ಟೇ ದಿನ ಬೇಕು, ಅಲ್ಲೂ ನಡುವೆ ಯಾರೂ ಅವಸರಪಡಿಸಲಾಗದು.

120 ದಿನ ಯಾಕೆ? ಇದು ಇಡೀ ವೈರಾಣುವನ್ನು ಬೆಳೆಸಿ, ಆಮೇಲೆ ನಿಷ್ಕ್ರಿಯಗೊಳಿಸಿ ಮಾಡುವ ಲಸಿಕೆ. ಮೊದಲು ವೈರಾಣು ಬೆಳೆಯಲು ಆಸರೆಯಾಗುವ ವೀರೋ ಕೋಶಗಳನ್ನು ಸಣ್ಣ ಪಾತ್ರೆಯಿಂದ ದೊಡ್ಡ ಪಾತ್ರೆಗೆ ಹಂತ ಹಂತವಾಗಿ ಬೆಳೆಸಬೇಕು. ಅವಕ್ಕೆ ಜೀವಂತ ಕೊರೊನಾ ವೈರಾಣು ಸೇರಿಸಬೇಕು. ಬೆಳೆದ ವೈರಾಣುವನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಒಂದಾದರೂ ಜೀವಂತ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಶುದ್ಧೀಕರಣ, ಸಹಾಯಕ ದ್ರವ್ಯದ ಮಿಶ್ರಣ, ಸೀಸೆಗೆ ತುಂಬುವುದು, ಕ್ರಿಮಿರಹಿತವೇ ಎಂಬ ಪರೀಕ್ಷೆ ಇವೆಲ್ಲ ಆದಮೇಲೆ ಹಿಮಾಚಲದ ಕಸೌಲಿಯ ಕೇಂದ್ರ ಔಷಧ ಪ್ರಯೋಗಾಲಯದ ಅನುಮತಿ. ವೈರಾಣು ಜೀವಂತವಾಗಿರುವ ಹಂತವಷ್ಟೂ ಮೂರನೇ ಹಂತದ ಜೈವಿಕ ಸುರಕ್ಷತೆಯ ಕೋಣೆಯಲ್ಲೇ ನಡೆಯಬೇಕು. ದೇಶದಲ್ಲಿ ಲಸಿಕಾ ಕಾರ್ಖಾನೆಗಳು ಹಲವಿದ್ದರೂ ಅಂಥ ಕೋಣೆ ಇರುವವು ಬೆರಳೆಣಿಕೆಯಷ್ಟು. ಹಾಗಾಗಿ ಪಕ್ಕದ ಕಾರ್ಖಾನೆಯ ಖಾಲಿ ಯಂತ್ರವನ್ನು ಎರವಲು ಪಡೆದು ನಾಳೆಯಿಂದ ಶುರು ಮಾಡುವಂತಿರಲಿಲ್ಲ.

ಈಗ ಈ 120ನ್ನು ಸರಕಾರದ ಖರೀದಿ ಆದೇಶಗಳ ಪಕ್ಕದಲ್ಲಿ ಇಟ್ಟು ನೋಡೋಣ. ಈ ಲೆಕ್ಕ ಮಾಡಲು ಪೆನ್ನು ಕಾಗದ ಸಾಕು, ಆದರೆ ಇಡೀ ವರದಿಯ ತಿರುಳು ಇಲ್ಲೇ ಇದೆ.

ಏಪ್ರಿಲ್ 28ರಂದು ಕೇಂದ್ರ ಸರಕಾರ ಮೇ, ಜೂನ್, ಜುಲೈ ತಿಂಗಳುಗಳ 5 ಕೋಟಿ ಡೋಸ್ ಕೋವ್ಯಾಕ್ಸಿನ್‌ಗಾಗಿ ₹787.50 ಕೋಟಿ ಮುಂಗಡ ಕೊಟ್ಟಿತು. ಡೋಸಿಗೆ ₹150, ಅದರ ಮೇಲೆ ಶೇ 5 ಜಿಎಸ್‌ಟಿ, ₹157.50, ಐದು ಕೋಟಿಯಿಂದ ಗುಣಿಸಿದರೆ ಲೆಕ್ಕ ತಾಳೆಯಾಗುತ್ತದೆ. ದಿನಾಂಕ ತಾಳೆಯಾಗುವುದಿಲ್ಲ. ಆ ಹಣ ಕೈಗೆ ಬಂದ ದಿನವೇ ಬ್ಯಾಚು ಶುರು ಮಾಡಿದ್ದರೂ ಅದು ಹೊರಬರುವುದು ಆಗಸ್ಟ್ 26ಕ್ಕೆ, ಒಪ್ಪಂದದ ಮೂರೂ ತಿಂಗಳು ಮುಗಿದ ಮೇಲೆ. ಮೇ 1ಕ್ಕೆ ಬೇಕಾದ ಸೀಸೆಯ ಕೆಲಸ ಜನವರಿ 1ಕ್ಕೇ ಆರಂಭವಾಗಿರಬೇಕು. ಕೋವ್ಯಾಕ್ಸಿನ್‌ಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು ಜನವರಿ 3ರಂದು. ಜುಲೈ 31ರ ಸೀಸೆಗೂ ಏಪ್ರಿಲ್ 2 ಕೊನೆಯ ಗಡುವು. ಅಂದರೆ ಈ ಮುಂಗಡದಿಂದ ಮೇ–ಜುಲೈಗೆ ಒಂದೇ ಒಂದು ಹೊಸ ಬ್ಯಾಚನ್ನು ಸೃಷ್ಟಿಸಲು ಸಾಧ್ಯವಿರಲಿಲ್ಲ. ಕಂಪನಿ ತನ್ನ ಸ್ವಂತ ಧೈರ್ಯದ ಮೇಲೆ ಆಗಲೇ ಶುರು ಮಾಡಿದ್ದ ಬ್ಯಾಚುಗಳಿಗೆ ಅದು ಬೆಲೆ ಕಟ್ಟಿತು, ಅಷ್ಟೇ.

ಜೂನ್ 8ರಂದು ಆಗಸ್ಟ್–ಡಿಸೆಂಬರ್ ಅವಧಿಗೆ 19 ಕೋಟಿ ಡೋಸಿನ ಆದೇಶ ಬಂತು, ಶೇ 30ರಷ್ಟು ಮುಂಗಡದ ಜೊತೆ. ಅದಕ್ಕೆ 120 ದಿನ ಕೂಡಿದರೆ ಅಕ್ಟೋಬರ್ 6. ಐದು ತಿಂಗಳ ಒಪ್ಪಂದದಲ್ಲಿ ಮೊದಲ ಎರಡು ತಿಂಗಳು ಹಳೆಯ ಬ್ಯಾಚುಗಳ ಮೇಲೇ ನಡೆಯಬೇಕಿತ್ತು. ಜುಲೈ ಮಧ್ಯಕ್ಕೆ ಇದೇ ಅವಧಿಯ ಖರೀದಿ 28.5 ಕೋಟಿ ಡೋಸಿಗೆ ಏರಿ ದರವೂ ₹215 ಆಯಿತು. ತೆರಿಗೆ ಸೇರಿ ₹6,434 ಕೋಟಿಯ ಸಮೀಪ. ಮುಂಗಡದ ಪದ್ಧತಿ ತಂದದ್ದು ಒಳ್ಳೆಯದೇ. ಆದರೆ ಅದು 2020ರ ಕೊನೆಯಲ್ಲಿ ಬಂದಿದ್ದರೆ ಅದರಿಂದ ಆಗುತ್ತಿದ್ದ ಉಪಕಾರ ಬೇರೆಯದೇ ಇರುತ್ತಿತ್ತು.

ಎರಡನೇ ಡೋಸಿನ ಗೋಜಲು ಇದಕ್ಕಿಂತ ಬಿಗಿ. 2021ರ ಮೇ 13ರಂದು ಇನ್ನೊಂದು ಕೋವಿಡ್ ಲಸಿಕೆ ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರವನ್ನು 12–16 ವಾರಗಳಿಗೆ ಹೆಚ್ಚಿಸಲಾಯಿತು. ಕೋವ್ಯಾಕ್ಸಿನ್‌ನದು 4ರಿಂದ 6 ವಾರದಲ್ಲೇ ಉಳಿಯಿತು. ಒಬ್ಬರಿಗೆ ಮೊದಲ ಡೋಸ್ ಹಾಕಿದರೆ 28ರಿಂದ 42 ದಿನದೊಳಗೆ ತೀರಿಸಬೇಕಾದ ಸಾಲ ಅದು. ಬ್ಯಾಚಿಗೆ 120 ದಿನ ಬೇಕು. ಹಾಗಾದರೆ ಇವತ್ತು ಮೊದಲ ಡೋಸ್ ಪಡೆಯುವವರ ಎರಡನೇ ಡೋಸು ಕಾರ್ಖಾನೆಯಲ್ಲಿ ಆಗಲೇ 78ರಿಂದ 92 ದಿನ ಬೆಳೆದಿರಬೇಕು. ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಇದನ್ನು ತಿಳಿಯುವ ದಾರಿಯೇ ಇರಲಿಲ್ಲ. ಬಂದ ಸೀಸೆಯನ್ನು ಬಂದವರಿಗೆ ಹಾಕಿದರು. ಆ ತಿಂಗಳು ಅವರ ಮೇಲೆ ರೇಗಿದವರಲ್ಲಿ ಹೆಚ್ಚಿನವರು ತಪ್ಪು ಬಾಗಿಲು ತಟ್ಟಿದ್ದರು.

ಮಾಲೂರಿನ ವಿಷಯಕ್ಕೆ ಬರೋಣ. ಆಗಸ್ಟ್ 2021ರ ಆರಂಭದಲ್ಲಿ ಕೇಂದ್ರದ ಲಸಿಕಾ ಸಲಹಾ ಗುಂಪಿನ ಕೋವಿಡ್ ಕಾರ್ಯತಂಡದ ಮುಖ್ಯಸ್ಥ ಡಾ. ಎನ್.ಕೆ. ಅರೋರಾ ಬೆಂಗಳೂರು ಘಟಕದ ಮೊದಲ ಒಂದೆರಡು ಬ್ಯಾಚುಗಳು ಗುಣಮಟ್ಟದಲ್ಲಿ ಸರಿಯಿರಲಿಲ್ಲ, ಅವನ್ನು ಅಭಿಯಾನಕ್ಕೆ ಬಳಸಲಿಲ್ಲ, ಮುಂದಿನ ಬ್ಯಾಚುಗಳು ಬಂದಿವೆ ಎಂದು ದೂರದರ್ಶನ ಸಂದರ್ಶನದಲ್ಲಿ ತಿಳಿಸಿದರು. ಹೊಸ ಘಟಕದಲ್ಲಿ ಜೀವಕೋಶ ಬೆಳೆಸುವ ಕೆಲಸ ಮೊದಲ ಸಲಕ್ಕೇ ಹದಕ್ಕೆ ಬರುವುದು ಅಪರೂಪ. ಪರೀಕ್ಷೆ ತನ್ನ ಕೆಲಸ ಮಾಡಿತು, ಕೆಟ್ಟ ಬ್ಯಾಚು ಯಾರ ತೋಳಿಗೂ ಹೋಗಲಿಲ್ಲ ಎಂಬುದು ಇದರಲ್ಲಿ ನೆಮ್ಮದಿಯ ಮಾತು. ಆದರೆ ಸರಬರಾಜಿನ ಲೆಕ್ಕದಲ್ಲಿ ಬ್ಯಾಚು ಬಿದ್ದುಹೋಗುವುದೆಂದರೆ ಏನು? ಬಟ್ಟೆ ಗಿರಣಿಯಲ್ಲಿ ಒಂದು ಥಾನು ಕೆಟ್ಟರೆ ಮರುದಿನ ಇನ್ನೊಂದು ನೇಯಬಹುದು. ಇಲ್ಲಿ ಮೂರನೇ ತಿಂಗಳಲ್ಲಿ ದೋಷ ಗೊತ್ತಾದರೆ ಬದಲಿ ಬ್ಯಾಚಿಗೆ ಮತ್ತೆ 120 ದಿನ. ಬದಲಿಯನ್ನು ಮೊದಲೇ ಶುರು ಮಾಡಿರದಿದ್ದರೆ ಒಟ್ಟು ಏಳು ತಿಂಗಳ ಮಾತು. ಏಪ್ರಿಲ್‌ನ ಪ್ರಕಟಣೆಯ ಗುರಿಗಳಲ್ಲಿ ಇಂಥ ನಷ್ಟಕ್ಕೆ ಬಿಟ್ಟ ಜಾಗ ಕಾಣುವುದಿಲ್ಲ. ಎಲ್ಲ ಘಟಕಗಳೂ ಮೊದಲ ದಿನದಿಂದಲೇ ಪೂರ್ಣ ಫಸಲು ಕೊಡುತ್ತವೆ ಎಂಬ ಎಣಿಕೆ ಅದರ ಹಿಂದಿತ್ತು.

ಅಂಕಲೇಶ್ವರದ ಮೊದಲ ವಾಣಿಜ್ಯ ಬ್ಯಾಚನ್ನು ಆರೋಗ್ಯ ಸಚಿವರು ಆಗಸ್ಟ್ 29ರಂದು ಬಿಡುಗಡೆ ಮಾಡಿದರು. ಮೇ 20ರ ಪ್ರಕಟಣೆಯಿಂದ 101ನೇ ದಿನ. ಅದಾಗಲೇ ನಡೆಯುತ್ತಿದ್ದ ಲಸಿಕಾ ಕಾರ್ಖಾನೆಯಾದ್ದರಿಂದ ಇದು ಸಾಧ್ಯವಾಯಿತು. ಕರಕಪಟ್ಲದ ಮೂಲದ್ರವ್ಯದ ಅಂದಾಜು ಆರಂಭದಲ್ಲಿ ತಿಂಗಳಿಗೆ 20–30 ಲಕ್ಷ ಡೋಸಿನಷ್ಟು, ಮುಂದೆ 60–70 ಲಕ್ಷ. ಇಂಥ ಸಂಖ್ಯೆಗಳು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವುದಿಲ್ಲ, ಆದರೆ ನಂಬಬಹುದಾದ ಅಂದಾಜು ಇರುವುದೇ ಹೀಗೆ.

ಸಾಗಣೆಯ ಲೆಕ್ಕ ಇದರ ಮುಂದೆ ಬಹಳ ಹಗುರ. ಕಾರ್ಖಾನೆಯಿಂದ ಕೇಂದ್ರ ಸರಕಾರದ ದಾಸ್ತಾನು ಕೇಂದ್ರಕ್ಕೆ ಸುಮಾರು ಎರಡು ದಿನ ಎಂದು ಮೇ 28ರ ಅದೇ ಹೇಳಿಕೆ ತಿಳಿಸಿತ್ತು. 120ರ ಎದುರು 2. 2021ರ ಜನವರಿ 13ರಂದು ಹೈದರಾಬಾದ್‌ನಿಂದ ಹೊರಟ ಮೊದಲ ಕಂತು ಬೆಂಗಳೂರು, ದೆಹಲಿ, ಚೆನ್ನೈ, ಗುವಾಹಟಿ ಸೇರಿ 11 ಊರುಗಳಿಗೆ ವಿಮಾನದಲ್ಲಿ ಹೋಯಿತು. ಜನವರಿ 16ಕ್ಕೆ ಅಭಿಯಾನ ಆರಂಭವಾಯಿತು.

ತೂಕ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಹೈದರಾಬಾದ್ ವಿಮಾನ ನಿಲ್ದಾಣವೇ ಕೊಟ್ಟ ಒಂದು ಅಂಕಿ ಉಪಯುಕ್ತ. 2021ರ ಜೂನ್ 1ರಂದು ರಷ್ಯಾದಿಂದ 30 ಲಕ್ಷ ಡೋಸ್ ಸ್ಪುಟ್ನಿಕ್ ಬಂದಿಳಿಯಿತು, ಒಟ್ಟು 56.6 ಟನ್. ಡೋಸಿಗೆ 19 ಗ್ರಾಂ ಆಸುಪಾಸು. ಅದರಲ್ಲಿ ಔಷಧ ಅರ್ಧ ಗ್ರಾಂ, ಉಳಿದದ್ದು ಗಾಜು, ರಟ್ಟು ಮತ್ತು ಶೀತ ಕಾಪಾಡುವ ಸಾಮಾನು. ಸ್ಪುಟ್ನಿಕ್‌ಗೆ ಮೈನಸ್ 18 ಡಿಗ್ರಿಗಿಂತ ಕೆಳಗಿನ ಶೀತ ಬೇಕು. ಕೋವ್ಯಾಕ್ಸಿನ್‌ಗೆ 2ರಿಂದ 8 ಡಿಗ್ರಿ ಸಾಕಾದ್ದರಿಂದ ಅದರ ಹೊರೆ ಇದಕ್ಕಿಂತ ಕಡಿಮೆ. ಐದು ಕೋಟಿ ಡೋಸ್ ಅಂದರೆ 25,000 ಲೀಟರ್ ದ್ರವ, ಹತ್ತು ಡೋಸಿನ 50 ಲಕ್ಷ ಸೀಸೆ. ಈ ದೇಶದ ರಸ್ತೆ, ವಿಮಾನಗಳಿಗೆ ಇದು ಭಾರವೇ ಅಲ್ಲ.

ಕೆಳಗಿನ ತುದಿಯ ವ್ಯವಸ್ಥೆಯೂ ಚೆನ್ನಾಗಿತ್ತು. 2020ರ ಡಿಸೆಂಬರ್‌ನಲ್ಲಿ ಆರೋಗ್ಯ ಸಚಿವಾಲಯ ಕೊಟ್ಟ ಪಟ್ಟಿಯಲ್ಲಿ 29,000 ಶೀತಲ ಸರಪಳಿ ಕೇಂದ್ರಗಳು, 240 ನಡೆದು ಹೋಗಬಹುದಾದ ಶೀತಲ ಕೊಠಡಿಗಳು, 45,000 ಐಸ್ ಲೈನ್ಡ್ ಫ್ರಿಜ್‌ಗಳು, 41,000 ಡೀಪ್ ಫ್ರೀಜರ್‌ಗಳಿದ್ದವು. 2015ರಿಂದ ಬೆಳೆದುಬಂದ ಇ-ವಿನ್ ಜಾಲದಲ್ಲಿ ಫ್ರಿಜ್‌ನೊಳಗಿನ ತಾಪಮಾನವೂ ದಾಸ್ತಾನೂ ಮೊಬೈಲ್‌ನಲ್ಲೇ ಕಾಣುತ್ತಿದ್ದವು. ಮಕ್ಕಳ ಲಸಿಕೆಗಾಗಿ ವರ್ಷಗಟ್ಟಲೆ ದುಡಿದು ಕಟ್ಟಿದ ಜಾಲ ಇದು. ಕೋವಿಡ್ ಬಂದಾಗ ಕೈಹಿಡಿದದ್ದು ಅದೇ. ಅದರ ಮೇಲೆ ಕೋವಿಡ್ ಲಸಿಕೆಯ ನೋಂದಣಿ ಜಾಲತಾಣ ಕೋವಿನ್ ಬಂತು. ಯಾವ ಜಿಲ್ಲೆಯಲ್ಲಿ ಯಾವ ಲಸಿಕೆಯ ಎಷ್ಟು ಡೋಸ್ ಬಿತ್ತು ಎಂಬುದು ಆಯಾ ದಿನವೇ ಜನರ ಕಣ್ಣಿಗೆ ಬೀಳುತ್ತಿತ್ತು.

ಹೀಗೆ ಸೀಸೆ ಕಾರ್ಖಾನೆಯ ಗೇಟು ದಾಟಿದ ಮೇಲಿನ ಕೆಲವು ದಿನಗಳು ಬೆಳಕಿನಲ್ಲಿದ್ದವು. ಗೇಟಿನ ಒಳಗಿನ ನಾಲ್ಕು ತಿಂಗಳು ಕೋವಿನ್‌ನ ಫಲಕದಲ್ಲಿ ಇರಲಿಲ್ಲ. ಜನರ ಮುಂದೆ ಬಂದದ್ದು ‘ಸಾಮರ್ಥ್ಯ’ ಎಂಬ ಒಂದು ದೊಡ್ಡ ಸಂಖ್ಯೆ. ಮಾಲೂರಿನಲ್ಲಿ ಎಷ್ಟು ಬ್ಯಾಚು ಎಷ್ಟನೇ ದಿನದಲ್ಲಿವೆ, ಎಷ್ಟು ಕಸೌಲಿಯ ಸರದಿಯಲ್ಲಿವೆ ಎಂಬ ಸಣ್ಣ ಸಂಖ್ಯೆಗಳು ಜಿಲ್ಲಾಧಿಕಾರಿಯ ಕೈಯಲ್ಲಿದ್ದಿದ್ದರೆ, ಮೇ ತಿಂಗಳ ಕೊರತೆ ಫೆಬ್ರುವರಿಯಲ್ಲೇ ಗೋಚರಿಸುತ್ತಿತ್ತು. ಲಸಿಕೆ ಆಗಲೂ ಹೆಚ್ಚಾಗುತ್ತಿರಲಿಲ್ಲ, ನಿಜ. ಆದರೆ ಇದ್ದಷ್ಟು ಯಾರಿಗೆ ಮೊದಲು ಎಂಬುದನ್ನು ಗಲಾಟೆಯಿಲ್ಲದೆ ತೀರ್ಮಾನಿಸಲು ಮೂರು ತಿಂಗಳ ಕಾಲಾವಕಾಶ ಸಿಗುತ್ತಿತ್ತು.

ಪ್ರಯೋಗಾಲಯದ ಅಡಚಣೆಯನ್ನು ಸರಕಾರ ಗುರುತಿಸಿ ಸರಿಪಡಿಸಿತು. ಹೈದರಾಬಾದ್‌ನಿಂದ ಕಸೌಲಿ 1,800 ಕಿ.ಮೀ. ದೂರ. ಪಿಎಂ ಕೇರ್ಸ್ ನೆರವಿನಲ್ಲಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವನ್ನು ಜೂನ್‌ನಲ್ಲೂ, ಹೈದರಾಬಾದ್‌ನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆಯನ್ನು ಆಗಸ್ಟ್‌ನಲ್ಲೂ ಕೇಂದ್ರ ಔಷಧ ಪ್ರಯೋಗಾಲಯಗಳಾಗಿ ಘೋಷಿಸಲಾಯಿತು. ತಿಂಗಳಿಗೆ ಸುಮಾರು 60 ಬ್ಯಾಚು ಪರೀಕ್ಷಿಸುವ ಗುರಿ ಇತ್ತು. ಇಡೀ ವರ್ಷದಲ್ಲಿ ಕೈಗೊಂಡ ಅತ್ಯಂತ ವಿವೇಕದ ಕ್ರಮಗಳಲ್ಲಿ ಇದು ಒಂದು ಎಂದು ನನ್ನ ಅಭಿಪ್ರಾಯ, ಅದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಆಗಸ್ಟ್–ಡಿಸೆಂಬರ್ 2021ರ ಐದು ತಿಂಗಳಿಗೆ ಕೋವ್ಯಾಕ್ಸಿನ್ ಎಷ್ಟು ಸಿಗುತ್ತದೆ ಎಂಬ ಅಧಿಕೃತ ಅಂದಾಜು ಇಳಿದ ಬಗೆ ನೋಡಿ. ಮೇ 13ಕ್ಕೆ ನೀತಿ ಆಯೋಗದ ಡಾ. ವಿ.ಕೆ. ಪಾಲ್ ಹೇಳಿದ್ದು 55 ಕೋಟಿ. ಜೂನ್ 26ರಂದು ಸರಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ 40 ಕೋಟಿ. ಜುಲೈನ ಆದೇಶದ 28.5 ಕೋಟಿಯನ್ನು ಒಟ್ಟು ಉತ್ಪಾದನೆಯಲ್ಲಿ ಸರಕಾರದ ಪಾಲಾದ ಶೇ 75 ಎಂದು ಹಿಡಿದರೆ 38 ಕೋಟಿ. ಸಂಸತ್ತಿನಲ್ಲಿ ಹೇಳಿದ 5.8 ಕೋಟಿಯ ಗರಿಷ್ಠ ಸಾಮರ್ಥ್ಯ ಐದೂ ತಿಂಗಳು ಸಿಕ್ಕರೆ 29 ಕೋಟಿ. ಮೊದಲ ಅಂದಾಜಿನ ಐದು ತಿಂಗಳ 55 ಕೋಟಿಯ ಎದುರು ಇಡೀ ಅಭಿಯಾನದಲ್ಲಿ ಬಳಕೆಯಾದದ್ದು 36 ಕೋಟಿ. ಅದೇ ಅಭಿಯಾನದಲ್ಲಿ ಪುಣೆಯ ಕೋವಿಶೀಲ್ಡ್ ಸುಮಾರು 175 ಕೋಟಿ ಡೋಸ್ ತಲುಪಿತು. ಅದರ ತಯಾರಿಕೆಗೆ ಜೀವಂತ ಕೊರೊನಾ ವೈರಾಣು ಬೇಡ, ಒಂದೇ ಊರಿನ ಬೃಹತ್ ಆವರಣ ಸಾಕಾಯಿತು. ಹಂಚಿಹೋದ ಘಟಕಗಳನ್ನು ಹೊಲಿದು ಒಂದು ಮಾಡುವ ಕಷ್ಟ ಎಷ್ಟು ಎಂಬುದು ಈ ಎರಡರ ಅಂತರದಲ್ಲಿ ಗೊತ್ತಾಗುತ್ತದೆ.

ಬೆಲೆಯ ಮಾತು ಬಿಟ್ಟರೆ ಲೆಕ್ಕ ಅಪೂರ್ಣ. ಜನವರಿಯ ಮೊದಲ ಆದೇಶ 55 ಲಕ್ಷ ಡೋಸ್. ಅದರಲ್ಲಿ 38.5 ಲಕ್ಷಕ್ಕೆ ₹295ರಂತೆ ದುಡ್ಡು, 16.5 ಲಕ್ಷ ಉಚಿತ, ಸರಾಸರಿ ₹206. ಆಮೇಲೆ ₹150. ಆ ದರ ಬಹಳ ಕಾಲ ನಡೆಯದು ಎಂದು ಕಂಪನಿ ಜೂನ್ 15ರಂದು ಹೇಳಿತು. ಲಸಿಕೆಯ ಅಭಿವೃದ್ಧಿ, ಪ್ರಯೋಗ ಮತ್ತು ಘಟಕಗಳಿಗೆ ತಾನು ಹೂಡಿದ್ದು ₹500 ಕೋಟಿಗೂ ಹೆಚ್ಚು, ಎಲ್ಲ ಮಾರಾಟದ ಸರಾಸರಿ ದರ ಡೋಸಿಗೆ ₹250ಕ್ಕಿಂತ ಕಡಿಮೆ ಎಂಬುದು ಅದರ ವಿವರಣೆ. ಖಾಸಗಿ ಆಸ್ಪತ್ರೆಯಲ್ಲಿ ಅದೇ ಸೀಸೆಯ ಒಂದು ಡೋಸಿಗೆ ₹1,200, ತೆರಿಗೆ ₹60, ಸೇವಾ ಶುಲ್ಕ ₹150, ಒಟ್ಟು ₹1,410. ಶೇ 75 ಸರಕಾರಕ್ಕೆ ₹150ಕ್ಕೆ, ಶೇ 25 ಆಸ್ಪತ್ರೆಗೆ ₹1,200ಕ್ಕೆ ಹೋದರೆ ಸರಾಸರಿ ₹412.50 ಬರುತ್ತದೆ, ಅದರಲ್ಲಿ ₹300 ಬರುವುದು ಆ ಕಾಲುಭಾಗ ಗಿರಾಕಿಗಳ ಜೇಬಿನಿಂದ. 2022ರ ಏಪ್ರಿಲ್‌ನಲ್ಲಿ ಖಾಸಗಿ ದರ ಒಂದೇಟಿಗೆ ₹225ಕ್ಕೆ ಇಳಿಯಿತು. ಒಂದು ವರ್ಷ ಮೊದಲೇ ಸರಕಾರ ₹225 ಕೊಟ್ಟು, ಆರು ತಿಂಗಳ ಮುಂಗಡವನ್ನೂ ಕೊಟ್ಟಿದ್ದರೆ ಹೊಸ ಘಟಕಗಳಿಗೆ ಸಿಗುತ್ತಿದ್ದ ಬಲ ₹220 ಕೋಟಿಯ ಅನುದಾನಕ್ಕಿಂತ ಹೆಚ್ಚಿನದು.

ಈ ಕಥೆಯ ಇನ್ನೊಂದು ತುದಿಯೂ ಇದೆ. 120 ದಿನದ ಸರಪಳಿ ಚಾಲೂ ಆಗಲು ನಾಲ್ಕು ತಿಂಗಳು ತೆಗೆದುಕೊಂಡರೆ, ನಿಲ್ಲಲೂ ಅಷ್ಟೇ ತೆಗೆದುಕೊಳ್ಳುತ್ತದೆ. ಬೇಡಿಕೆ ಇಂದು ಕುಸಿದರೂ ಕಳೆದ 119 ದಿನಗಳಲ್ಲಿ ಶುರುವಾದ ಬ್ಯಾಚುಗಳು ಒಂದೊಂದಾಗಿ ಬರುತ್ತಲೇ ಇರುತ್ತವೆ. 2022ರ ಏಪ್ರಿಲ್ 1ರಂದು ಭಾರತ್ ಬಯೋಟೆಕ್ ತನ್ನ ಸರಬರಾಜಿನ ಬದ್ಧತೆ ಮುಗಿದಿದೆ, ಬೇಡಿಕೆ ಇಳಿಯುವ ಸೂಚನೆ ಇದೆ ಎಂದು ಹೇಳಿ ಉತ್ಪಾದನೆಯನ್ನು ತಾತ್ಕಾಲಿಕವಾಗಿ ತಗ್ಗಿಸಿತು. ಮರುದಿನವೇ ವಿಶ್ವ ಆರೋಗ್ಯ ಸಂಸ್ಥೆ, ಮಾರ್ಚ್‌ನ ತಪಾಸಣೆಯಲ್ಲಿ ಕಂಡ ತಯಾರಿಕಾ ನ್ಯೂನತೆಗಳನ್ನು ಸರಿಪಡಿಸುವವರೆಗೆ ವಿಶ್ವಸಂಸ್ಥೆಯ ಮೂಲಕದ ಪೂರೈಕೆಯನ್ನು ತಡೆಹಿಡಿಯಿತು. ನವೆಂಬರ್‌ನಲ್ಲಿ ವರದಿಯಾದಂತೆ ಕಂಪನಿಯ ಬಳಿ ಉಳಿದಿದ್ದದ್ದು 20 ಕೋಟಿ ಡೋಸಿಗೂ ಹೆಚ್ಚಿನ ಮೂಲದ್ರವ್ಯ ಮತ್ತು ಸೀಸೆಗೆ ತುಂಬಿದ ಸುಮಾರು 5 ಕೋಟಿ ಡೋಸ್. ಲಸಿಕೆಯ ಬಾಳಿಕೆ 12 ತಿಂಗಳು. ಸೀಸೆಗಳ ಅವಧಿ 2023ರ ಆರಂಭಕ್ಕೆ ಮುಗಿಯಲಿತ್ತು. ಸರಕಾರಿ ದರ ₹215ರಲ್ಲಿ ಆ 5 ಕೋಟಿಗೆ ಬೆಲೆ ಕಟ್ಟಿದರೆ ₹1,075 ಕೋಟಿ. 2021ರ ಏಪ್ರಿಲ್‌ನಲ್ಲಿ ಇದೇ 5 ಕೋಟಿ ಡೋಸಿಗೆ ದೇಶ ಪರದಾಡಿತ್ತು. ಬಳಸಿದ 36 ಕೋಟಿಯ ಎದುರು ಬಳಕೆಯಾಗದೆ ಉಳಿದದ್ದು 25 ಕೋಟಿ. ಕೊರತೆ, ಮಿಗತೆ ಎರಡರ ಬೇರೂ ಒಂದೇ: ಆದೇಶದ ಪುಸ್ತಕ ಒಂದು ಕಡೆ, ಬ್ಯಾಚಿನ ಪುಸ್ತಕ ಇನ್ನೊಂದು ಕಡೆ.

ಹೈದರಾಬಾದ್‌ನದ್ದೇ ಬಯೋಲಾಜಿಕಲ್ ಇ ಕಂಪನಿಗೆ 2021ರ ಜೂನ್‌ನಲ್ಲಿ 30 ಕೋಟಿ ಡೋಸಿಗೆ ₹1,500 ಕೋಟಿ ಮುಂಗಡ ಕೊಟ್ಟದ್ದು ಬೇರೆ ಬಗೆಯ ಪ್ರಯತ್ನ. ಅನುಮತಿ ಸಿಗುವ ಮೊದಲೇ ಸರಕಾರ ದುಡ್ಡು ಹಾಕಿ ಅಪಾಯ ಹಂಚಿಕೊಂಡಿತು. ಆ ಕಂಪನಿಯ ಲಸಿಕೆ ಕಾರ್ಬೆವ್ಯಾಕ್ಸ್‌ಗೆ ಅನುಮತಿ ಬಂದದ್ದು ಡಿಸೆಂಬರ್ 28ಕ್ಕೆ, 12ರಿಂದ 14ರ ಮಕ್ಕಳಿಗೆ ಅದನ್ನು ಹಾಕಲು ತೊಡಗಿದ್ದು 2022ರ ಮಾರ್ಚ್ 16ಕ್ಕೆ. ಆ ವೇಳೆಗೆ ದಾಸ್ತಾನು ಸಿದ್ಧವಿತ್ತು, ಮಕ್ಕಳ ಸರದಿಯಲ್ಲಿ ಮೇ ತಿಂಗಳ ನೂಕುನುಗ್ಗಲು ಮರುಕಳಿಸಲಿಲ್ಲ. ಮೊದಲೇ ಕೊಟ್ಟ ಒಂದು ರೂಪಾಯಿ ತಡವಾಗಿ ಕೊಟ್ಟ ಹತ್ತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎನ್ನಲು ಇಷ್ಟು ಸಾಕ್ಷಿ ಸಾಕು.

ಮುಂದಿನ ಸಾಂಕ್ರಾಮಿಕಕ್ಕೆ ಕಾರ್ಖಾನೆಗಳು ಈಗ ಇವೆ. ಮಾಲೂರು ಇದೆ, ಅಂಕಲೇಶ್ವರ ಇದೆ, ಹೈದರಾಬಾದ್‌ನಲ್ಲೇ ಪ್ರಯೋಗಾಲಯವೂ ಇದೆ. ಆರೋಗ್ಯ ಸಚಿವಾಲಯ ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಫ್ರಿಜ್‌ನ ತಾಪಮಾನವನ್ನು ಕ್ಷಣಕ್ಷಣಕ್ಕೆ ತೋರಿಸಬಲ್ಲ ಇ-ವಿನ್‌ಗೆ ಮೇಲಿನ ತುದಿಯಲ್ಲಿ ನಾಲ್ಕು ಕಾಲಂ ಸೇರಿಸಬೇಕು: ಘಟಕದ ಹೆಸರು, ಬ್ಯಾಚು ಶುರುವಾದ ದಿನ, ಪರೀಕ್ಷೆಯ ಹಂತ, ಬಿಡುಗಡೆಯ ನಿರೀಕ್ಷಿತ ದಿನ. ಖರೀದಿ ಆದೇಶದಲ್ಲಿ ಹಣ ಕೊಟ್ಟ ದಿನಾಂಕದ ಪಕ್ಕ ಬ್ಯಾಚು ಆರಂಭಿಸುವ ದಿನಾಂಕವನ್ನೂ ಕಡ್ಡಾಯವಾಗಿ ಬರೆಯಬೇಕು. ಕರ್ನಾಟಕ ಸರಕಾರವೂ ತನ್ನ ನೆಲದಲ್ಲಿರುವ ಘಟಕದ ಈ ಮಾಹಿತಿಯನ್ನು ಕೇಂದ್ರದಿಂದ ಈಗಲೇ ಕೇಳಿಟ್ಟುಕೊಳ್ಳಲಿ. ಇನ್ನು ಮುಂದೆ ಯಾವುದೇ ಸಚಿವರು ವರ್ಷಕ್ಕೆ ಇಷ್ಟು ಕೋಟಿ ಡೋಸಿನ ಸಾಮರ್ಥ್ಯ ಎಂದು ಘೋಷಿಸಿದಾಗ ಓದುಗರು ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತಿಗೆ ಎಷ್ಟು ಬ್ಯಾಚು ಎಷ್ಟನೇ ದಿನದಲ್ಲಿವೆ?